ಜಾಲಿ ಎಣ್ಣೆ ಕೊಟ್ಟವರು

ಅವರ ಬಲಗೈ ಹೆಬ್ಬೆರಳಿನ ಉಗುರು ಕಂದಾಗಿತ್ತು. ಕೊಳೆಯಲ್ಲ, ಸೋಪು ಹಚ್ಚಿ ತಿಕ್ಕಿದರೂ ಹೋಗದ ಬಣ್ಣ. ಬುಡದಲ್ಲಿ ಹೊಸದಾಗಿ ಬೆಳೆದ ಉಗುರು ಎಳೆಯಷ್ಟು ಬೆಳ್ಳಗೆ ಕಾಣುತ್ತಿತ್ತು; ಸ್ವಲ್ಪ ದಿನಕ್ಕೆ ಅದೂ ಕಂದಾಗುತ್ತಿತ್ತು. ಕರಿಜಾಲಿಯ ತೊಗಟೆಗೆ ಕಬ್ಬಿಣ ತಾಗಿಸಬಾರದು, ಉಗುರಿನಿಂದಲೇ ಸುಲಿಯಬೇಕು ಎಂಬುದು ಅವರ ಹಟ. ಹಾಜರಿ ಕೂಗುವಾಗ ಅದೇ ಬೆರಳನ್ನು ನಮ್ಮ ಕಡೆ ಎತ್ತಿ ತೋರಿಸುತ್ತಿದ್ದರು. ಮುಂದಿನ ಬೆಂಚಿನಲ್ಲಿ ಕೂತು ಮೂರು ವರ್ಷ ನಾನು ನೋಡಿದ್ದು ಆ ಉಗುರನ್ನೇ.

ಬೈಲಹೊಂಗಲದ ಒಂದು ಕಾಲೇಜಿನಲ್ಲಿ ಅವರು ಸಸ್ಯಶಾಸ್ತ್ರ ಕಲಿಸುತ್ತಿದ್ದರು. ನಿವೃತ್ತರಾದ ಮೇಲೂ ದಿನಾ ಪ್ರಯೋಗಾಲಯಕ್ಕೆ ಬರುತ್ತಿದ್ದರು. ಈಚೆಗೆ ತೀರಿಕೊಂಡರು, ಮಧ್ಯಾಹ್ನ ಊಟ ಮಾಡಿ ಮಲಗಿದಲ್ಲೇ, ನೋವಿಲ್ಲದೆ. ಸುದ್ದಿ ಕೇಳಿದಾಗ ನನಗೆ ಮೊದಲು ಅನ್ನಿಸಿದ್ದು, ಇಷ್ಟು ಸುಲಭವಾಗಿ ಹೋಗಬಾರದಿತ್ತು ಎಂದು.

ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು ಎನ್ನುತ್ತಾರೆ. ಇರುವ ಒಳ್ಳೆಯದನ್ನು ಮೊದಲೇ ಹೇಳಿ ಮುಗಿಸುತ್ತೇನೆ.

ಅವರು ಪಾಠ ಚೆನ್ನಾಗಿ ಮಾಡುತ್ತಿದ್ದರು. ಎಲೆಯನ್ನು ಹಲಗೆಯ ಮೇಲೆ ಬರೆಯುವ ಬದಲು ಕಿಸೆಯಿಂದ ತೆಗೆದು ಕೈಗೆ ಕೊಡುತ್ತಿದ್ದರು. ಒಮ್ಮೆ ನಮ್ಮನ್ನು ಕಿತ್ತೂರ ಕೋಟೆಗೆ ಕರೆದುಕೊಂಡು ಹೋಗಿದ್ದರು. ಅಲ್ಲಿ ಒಬ್ಬ ಗೈಡ್ ಪ್ರವಾಸಿಗಳಿಗೆ ಯುದ್ಧದ ಕಥೆ ಹೇಳುತ್ತಿದ್ದ. ಪಕ್ಕದಲ್ಲಿ ಇವರು ಗೋಡೆಯ ಸಂದಿಯ ಅಮೃತಬಳ್ಳಿಯನ್ನು ತೋರಿಸಿ ಜ್ವರದ ಕಥೆ ಶುರು ಮಾಡಿದರು. ನೋಡನೋಡುತ್ತಿದ್ದಂತೆ ಅವನ ಹಿಂದಿದ್ದ ಮಂದಿಯೆಲ್ಲ ಇವರ ಹಿಂದೆ ಬಂದರು. ಗೈಡ್ ಕೈಮುಗಿದ. "ಸರ್ರ, ನನ್ನ ಹೊಟ್ಟಿ ಮ್ಯಾಲ ಕಲ್ಲ ಹಾಕಬ್ಯಾಡ್ರಿ. ನಿಮ್ಮ ಬಳ್ಳಿ ನಾಳಿಗೂ ಇರತೈತಿ, ನನ್ನ ಗಿರಾಕಿ ಇರೂದಿಲ್ಲ." ಎಲ್ಲರಿಗಿಂತ ಜೋರಾಗಿ ನಕ್ಕವರು ಇವರೇ. ಅವನಿಗೂ ಚಹಾ ಕುಡಿಸಿದರು.

ಎಂ.ಎಸ್ಸಿ.ಗೆ ಧಾರವಾಡಕ್ಕೆ ಹೋಗು ಎಂದು ನನಗೆ ಹೇಳಿದವರು ಅವರು. ಅರ್ಜಿ ತುಂಬಲು ಕೂಡಿಸಿಕೊಂಡವರೂ ಅವರೇ. ಅವರು ಇಲ್ಲದಿದ್ದರೆ ಇವತ್ತು ಬೆಳಗಾವಿಯ ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ ನನಗೆ ಕೆಲಸ ಇರುತ್ತಿರಲಿಲ್ಲ. ಇದನ್ನು ಅಲ್ಲಗಳೆಯುವುದಿಲ್ಲ. ಆದರೆ ಇದನ್ನು ತಕ್ಕಡಿಯ ಒಂದು ತಟ್ಟೆಯಲ್ಲಿಟ್ಟು, ಇನ್ನೊಂದರಲ್ಲಿ ನಮ್ಮ ಅವ್ವನ ಬಲಗಾಲಿನ ಮುಂದಿನ ಅರ್ಧವನ್ನು ಇಟ್ಟರೆ ಸರಿತೂಗುತ್ತದೆ ಎಂದು ಯಾರೂ ನನಗೆ ಹೇಳಬಾರದು.

ಅವರಿಗೆ ಒಂದು ಮಾತು ಬಹಳ ಪ್ರಿಯವಾಗಿತ್ತು: "ಗಿಡ ಸುಳ್ಳ ಹೇಳೂದಿಲ್ಲ." ವರ್ಗದಲ್ಲಿ, ಬಸ್ಸಿನಲ್ಲಿ, ಹೂಲಿಯ ಹಳೆಯ ಗುಡಿಗಳ ನಡುವೆ ಪಾಪಾಸುಕಳ್ಳಿಯ ಮುಂದೆ ನಿಂತು, ಎಲ್ಲೆಂದರಲ್ಲಿ ಅದನ್ನು ಹೇಳುತ್ತಿದ್ದರು. ನಾವು ಬರೆದುಕೊಳ್ಳುತ್ತಿದ್ದೆವು. ಗಿಡ ನಿಜವನ್ನೂ ಹೇಳುವುದಿಲ್ಲ, ಅದು ಏನನ್ನೂ ಹೇಳುವುದಿಲ್ಲ, ಹೇಳುವವರು ನಾವು ಎಂಬುದು ನನಗೆ ಹೊಳೆಯುವುದಕ್ಕೆ ಕೊನೆಯ ವರ್ಷ ಬರಬೇಕಾಯಿತು.

ಆ ವರ್ಷ ನನಗೆ ಕೊಟ್ಟ ಪ್ರಾಜೆಕ್ಟು ಗಾಯದ ಕೀವಿನಲ್ಲಿರುವ ಬ್ಯಾಕ್ಟೀರಿಯಾವನ್ನು ಜಾಲಿ ತೊಗಟೆಯ ಸಾರ ಕೊಲ್ಲುತ್ತದೆಯೇ ಎಂದು ನೋಡುವುದು. ಕೆಲಸ ಕಠಿಣವಲ್ಲ. ಗಾಜಿನ ತಟ್ಟೆಯಲ್ಲಿ ಹೆಪ್ಪುಗಟ್ಟಿದ ಆಹಾರದ ಮೇಲೆ ಬ್ಯಾಕ್ಟೀರಿಯಾ ಹರಡಬೇಕು. ತೊಗಟೆಯನ್ನು ಸ್ಪಿರಿಟ್ಟಿನಲ್ಲಿ ನೆನೆಸಿ ಸಾರ ತೆಗೆದು, ಆ ಸಾರದಲ್ಲಿ ಕಾಗದದ ಪುಟ್ಟ ಬಿಲ್ಲೆಯನ್ನು ಅದ್ದಿ ತಟ್ಟೆಯ ಮೇಲಿಡಬೇಕು. ಮರುದಿನ ತಟ್ಟೆಯೆಲ್ಲ ಮಂಜು ಕವಿದ ಹಾಗೆ ಬ್ಯಾಕ್ಟೀರಿಯಾ ಬೆಳೆದಿರುತ್ತದೆ. ಸಾರಕ್ಕೆ ಶಕ್ತಿಯಿದ್ದರೆ ಬಿಲ್ಲೆಯ ಸುತ್ತ ಮಾತ್ರ ಒಂದು ತಿಳಿಯಾದ ಬಳೆ ಉಳಿದಿರುತ್ತದೆ. ಬಳೆ ದೊಡ್ಡದಾದಷ್ಟು ಔಷಧ ಒಳ್ಳೆಯದು.

ನನ್ನ ತಟ್ಟೆಯಲ್ಲಿ ದೊಡ್ಡ ಬಳೆ ಬಂತು. ಸರ್ ಪ್ರಾಚಾರ್ಯರನ್ನು ಕರೆದು ತೋರಿಸಿದರು.

ಬಿಲ್ಲೆಯನ್ನು ಅದ್ದಿದ ಮೇಲೆ ಒಣಗಿಸಬೇಕು, ಸ್ಪಿರಿಟ್ ಹಾರಿಹೋಗಬೇಕು ಎಂದು ಪುಸ್ತಕದಲ್ಲಿತ್ತು. ಸರ್ ಒಣಗಿಸಲು ಬಿಡುತ್ತಿರಲಿಲ್ಲ. "ಒಣಗಿಸಿದ್ರ ಸತ್ವ ಹಾರಿ ಹೋಗತೈತಿ. ಹಸೀದಿದ್ದಾಗ ಇಡು." ಹೀಗಾಗಿ ಒಂದು ದಿನ ನಾನು ತಟ್ಟೆಯ ಮೇಲೆ ಎರಡು ಬಿಲ್ಲೆಗಳನ್ನು ಇಟ್ಟೆ. ಒಂದರಲ್ಲಿ ಜಾಲಿಯ ಸಾರ, ಇನ್ನೊಂದರಲ್ಲಿ ಬರೀ ಸ್ಪಿರಿಟ್. ಮರುದಿನ ಎರಡರ ಸುತ್ತಲೂ ಬಳೆ ಇತ್ತು. ಹೆಚ್ಚುಕಡಿಮೆ ಒಂದೇ ಅಗಲ. ಕೊಂದದ್ದು ಸ್ಪಿರಿಟ್ಟು. ಆಮೇಲೆ ಒಣಗಿಸಿ ಇಟ್ಟು ನೋಡಿದೆ. ಜಾಲಿಗೂ ಒಂದು ಬಳೆ ಬಂತು, ಸಣ್ಣದು, ತೆಳ್ಳಗಿನದು. ಜಾಲಿಯಲ್ಲಿ ಏನೂ ಇಲ್ಲ ಎಂದು ನಾನು ಹೇಳುತ್ತಿಲ್ಲ. ಏನೋ ಇದೆ. ಅದು ಒಂದು ಕಾಲನ್ನು ಉಳಿಸುವಷ್ಟಿಲ್ಲ.

ತಟ್ಟೆಯನ್ನು ಅವರ ಮೇಜಿನ ಮೇಲಿಟ್ಟೆ. ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ನೋಡಿದರು. ಅವರಿಗೆ ಅರ್ಥವಾಯಿತು. ಅರ್ಥವಾಗಲಿಲ್ಲ ಎಂದು ಆಮೇಲೆ ಹಲವರು ನನಗೆ ಸಮಾಧಾನ ಹೇಳಿದ್ದಾರೆ. ನಾನು ಅವರ ಮುಖ ನೋಡುತ್ತಾ ಎದುರಿಗೇ ನಿಂತಿದ್ದೆ.

"ಖಾಲಿ ಬಿಲ್ಲಿ ಯಾರು ಇಡು ಅಂದ್ರು ನಿನಗ?"

"ಪುಸ್ತಕದಾಗ ಐತ್ರಿ ಸರ್."

"ಪುಸ್ತಕ ಬರದಾಂವ ಜಾಲಿ ಮರ ನೋಡ್ಯಾನೇನು?" ಎಂದು ನಕ್ಕರು. "ಭಾಳ ಶಾಣ್ಯಾ ಆಗಬ್ಯಾಡ ತಂಗಿ. ಮೊದಲ ಪಾಸಾಗು." ತಟ್ಟೆಯನ್ನು ತಾವೇ ಎತ್ತಿ ತೊಳೆಯುವ ಬಕೆಟ್ಟಿಗೆ ಹಾಕಿದರು.

ಆ ಹೊತ್ತಿಗೆ ಅವರ ಎಣ್ಣೆ ತಾಲೂಕಿಗೇ ಗೊತ್ತಾಗಿತ್ತು. ಜಾಲಿ ತೊಗಟೆಯನ್ನು ಕುಸುಬಿ ಎಣ್ಣೆಯಲ್ಲಿ ಕುದಿಸಿ, ಸೋಸಿ, ಬಾಟಲಿಗೆ ತುಂಬಿ ಬಂದವರಿಗೆಲ್ಲ ಪುಕ್ಕಟೆ ಕೊಡುತ್ತಿದ್ದರು. ಕೊಯ್ದ ಕೈ, ನೇಗಿಲು ತಾಗಿದ ಕಾಲು, ಎತ್ತಿನ ಹೆಗಲು, ಎಲ್ಲಕ್ಕೂ ಅದೇ. ತಟ್ಟೆಯಲ್ಲಿ ನೋಡಿದ್ದು ಸ್ಪಿರಿಟ್ಟಿನ ಸಾರ, ಮಂದಿಗೆ ಕೊಟ್ಟದ್ದು ಎಣ್ಣೆ. ತೊಗಟೆಯಲ್ಲಿ ಕೆಲಸ ಮಾಡುವ ಒಗರಿನ ಅಂಶ ಎಣ್ಣೆಯಲ್ಲಿ ಕರಗುವುದೂ ಇಲ್ಲ. ಬಿಡಿ, ಸಣ್ಣ ಗಾಯಗಳು ಹೇಗಿದ್ದರೂ ಮಾಯುತ್ತವೆ. ಮಾಯ್ದವರು ಬಂದು ಕಾಲಿಗೆ ಬೀಳುತ್ತಿದ್ದರು. ಮಾಯದವರು ಮತ್ತೆ ಬರುತ್ತಿರಲಿಲ್ಲ. ಹೀಗೆ ಎಣ್ಣೆಗೆ ಒಂದು ಸೋಲೂ ಇರಲಿಲ್ಲ.

ಅವ್ವ ರಾಮದುರ್ಗದವಳು. ಬೈಲಹೊಂಗಲಕ್ಕೆ ಮದುವೆಯಾಗಿ ಬಂದು, ಅಪ್ಪ ಹೋದ ಮೇಲೆ ಜಂಪರ್ ಹೊಲಿದು ನನ್ನನ್ನು ಓದಿಸಿದವಳು. ನಮ್ಮ ಓಣಿಗೆ ಕಾಲೇಜಿನವರು ಯಾರೂ ಬರುವುದಿಲ್ಲ. ಬಂದರೂ ಅಂಗಳದಲ್ಲಿ ನಿಂತು ಮಾತಾಡಿ ಹೋಗುತ್ತಾರೆ. ಸರ್ ಒಳಗೆ ಬಂದರು. ಧಾರವಾಡದ ಅರ್ಜಿಗೆ ಅವ್ವನ ಸಹಿ ಬೇಕಿತ್ತು. ಗೋಡೆಯ ಮೇಲಿನ ಬುದ್ಧನ ಕ್ಯಾಲೆಂಡರ್ ನೋಡಿ "ಚಲೋ ಐತಿ" ಎಂದರು. ಕುರ್ಚಿ ಬೇಡವೆಂದು ಚಾಪೆಯ ಮೇಲೆ ಕೂತರು. ಅವ್ವ ಚಹಾ ಕೇಳಲೋ ಬೇಡವೋ ಎಂದು ಬಾಗಿಲಲ್ಲಿ ನಿಂತಿದ್ದಳು. "ಯಾಕವ್ವಾ, ಚಾ ಮಾಡೂದಿಲ್ಲೇನು ನನಗ?" ಎಂದು ತಾವೇ ಕೇಳಿ ಕುಡಿದರು. ಇನ್ನರ್ಧ ಬೇಡಿದರು.

ಅವ್ವ ಆ ದಿನವನ್ನು ಓಣಿಗೆಲ್ಲ ಹೇಳಿದಳು. ಇವತ್ತಿಗೂ ಹೇಳುತ್ತಾಳೆ. ಆ ಚಹಾ ಕುಡಿದದ್ದು ನಾಟಕ ಎಂದು ನಾನು ಹೇಳಲಾರೆ. ಅವರು ಮನಸ್ಸಿನಿಂದಲೇ ಕುಡಿದರು. ನನಗೆ ಕ್ಷಮಿಸಲು ಆಗದೇ ಇರುವುದು ಅದನ್ನೇ. ಯಾಕೆಂದರೆ ಒಂದೂವರೆ ಕಪ್ ಚಹಾದಿಂದ ಅವರು ಅವ್ವನ ನಂಬಿಕೆಯನ್ನೆಲ್ಲ ತೆಗೆದುಕೊಂಡು ಹೋದರು, ಮತ್ತು ಏನು ತೆಗೆದುಕೊಂಡು ಹೋಗುತ್ತಿದ್ದೇನೆ ಎಂದು ತಿರುಗಿ ನೋಡಲಿಲ್ಲ.

ಹೊಲಿಗೆ ಯಂತ್ರದ ತುಳಿಗೆಯ ಕಬ್ಬಿಣದ ಅಂಚು ಅವ್ವನ ಬಲಗಾಲಿನ ಹೆಬ್ಬೆರಳ ಕೆಳಗೆ ತರಚಿತು. ಅವಳಿಗೆ ಸಕ್ಕರೆ ಕಾಯಿಲೆ; ಅಂಥವರ ಕಾಲಿಗೆ ಸ್ಪರ್ಶ ಕಡಿಮೆ. ಅವಳಿಗೆ ಗೊತ್ತಾಗುವ ಹೊತ್ತಿಗೆ ಕೀವಾಗಿತ್ತು. ಸರ್ಕಾರಿ ದವಾಖಾನೆಯಲ್ಲಿ ಗುಳಿಗೆ ಬರೆದುಕೊಟ್ಟು, ದಿನಾ ಬಂದು ಗಾಯ ತೊಳೆಸಿಕೊಳ್ಳಲು ಹೇಳಿದರು. ದಾರಿಯಲ್ಲಿ ಸರ್ ಸಿಕ್ಕರು. "ಆ ಗುಳಿಗಿ ನುಂಗಿ ಹೊಟ್ಟಿ ಯಾಕ ಸುಟ್ಟಕೋತೀ? ಎಣ್ಣಿ ಹಚ್ಚು. ಕೀವು ಬರೂದು ಚಲೋನ, ಒಳಗಿನ ಹೊಲಸ ಹೊರಗ ಬರತೈತಿ." ನಾನು ಧಾರವಾಡದ ಹಾಸ್ಟೆಲ್ಲಿನಲ್ಲಿದ್ದೆ. ಅವ್ವ ಫೋನಿನಲ್ಲಿ ಏನೂ ಹೇಳಲಿಲ್ಲ. ದೀಪಾವಳಿಗೆ ಬಂದಾಗ ಬಾಗಿಲಲ್ಲೇ ವಾಸನೆ ತಿಳಿಯಿತು. ಕುಸುಬಿ ಎಣ್ಣೆಯ ವಾಸನೆ, ಅದರ ಕೆಳಗೆ ಇನ್ನೊಂದು.

"ನನಗ ಯಾಕ ಹೇಳಲಿಲ್ಲ ಯವ್ವಾ?"

"ಸರ್ ಬ್ಯಾಡ ಅಂದ್ರು. ಅಕೀಗಿ ಪರೀಕ್ಷಾ ಐತಿ, ಸುಮ್ಮ ಗಾಬರಿ ಆಗತಾಳ ಅಂದ್ರು."

ಪರೀಕ್ಷೆಯ ಕಾಳಜಿಯಲ್ಲ ಅದು. ಆ ಊರಿನಲ್ಲಿ ಎರಡನೆಯ ಬಿಲ್ಲೆಯ ಬಗ್ಗೆ ಗೊತ್ತಿದ್ದವರು ಇಬ್ಬರೇ, ಅವರು ಮತ್ತು ನಾನು.

ಬೆಳಗಾವಿಯಲ್ಲಿ ಕಾಲಿನ ಮುಂಭಾಗ ತೆಗೆದರು. ಹಿಮ್ಮಡಿ ಉಳಿಯಿತು; ಅದಕ್ಕೇ ಸಂತೋಷಪಡಿ ಎಂದರು ಸರ್ಜನ್. ಸರ್ ನೋಡಲು ಬಂದರು, ಎಳನೀರು ಹಿಡಿದುಕೊಂಡು. ಸಲೈನ್ ನೋಡಿದರು, ಕಿಟಕಿ ನೋಡಿದರು, ಪಕ್ಕದ ಹಾಸಿಗೆಯವರ ಊರು ಕೇಳಿದರು. ಸಿರಸಂಗಿ ಎಂದು ತಿಳಿದು, ಅಲ್ಲಿನ ಹೊಲಗಳಲ್ಲಿ ಸಿಗುವ ಒಂದು ಹುಲ್ಲಿನ ಬಗ್ಗೆ ಮಾತಾಡಿದರು. ನಾನು ಅವ್ವನ ಕಾಲಿನ ಮೇಲಿನ ಚಾದರ ಸರಿಸಿದೆ. ಅವರು ಗಡಿಯಾರ ನೋಡಿಕೊಂಡು, ಬಸ್ಸಿನ ಹೊತ್ತಾಯಿತು ಎಂದು ಎದ್ದರು. ಅವರು ಒಂದು ಸಲ ಆ ಕಾಲನ್ನು ನೋಡಬೇಕು. ಅಂದಿನಿಂದ ನನಗೆ ಅವರಿಂದ ಬೇಕಾಗಿದ್ದು ಇಷ್ಟೇ. ಕ್ಷಮೆ ಬೇಡ. ವಿವರಣೆ ಬೇಡ. ನೋಡಬೇಕು.

ಅದಾದ ಮೇಲೂ ಅವ್ವ ಹಬ್ಬಕ್ಕೆ ಅವರ ಮನೆಗೆ ಹೋಳಿಗೆ ಕಳಿಸುವುದನ್ನು ಬಿಡಲಿಲ್ಲ. ಹೋದ ವರ್ಷ ಡಬ್ಬಿ ಹಿಡಿದು ನಾನೇ ಹೋಗಬೇಕಾಯಿತು. ಸರ್ ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು ಕೂತಿದ್ದರು. ಹಿಮ್ಮಡಿಗೆ ಬಿಳಿಯ, ಹೊಸ ಬ್ಯಾಂಡೇಜು. ಮುಳ್ಳು ತುಳಿದಿದ್ದರಂತೆ. ಕಿಟಕಿಯ ಕಟ್ಟೆಯ ಮೇಲೆ ಎಣ್ಣೆಯ ಬಾಟಲಿಗಳು ಸಾಲಾಗಿದ್ದವು, ಬೂಚು ಸಹ ತೆಗೆದಿರಲಿಲ್ಲ. ಅವರ ಕೈಗೆ ಸಿಗುವಂತೆ ಇದ್ದದ್ದು ಆಂಟಿಬಯಾಟಿಕ್ ಗುಳಿಗೆಯ ಪಟ್ಟಿ. ಅರ್ಧ ಖಾಲಿಯಾಗಿತ್ತು.

"ಎಣ್ಣಿ ಹಚ್ಚಲಿಲ್ಲೇನ್ರಿ ಸರ್?" ಎಂದೆ.

"ನನಗ ಸಕ್ಕರಿ ಐತಲ್ಲ ತಂಗಿ," ಎಂದರು, ಬಹಳ ಸಹಜವಾಗಿ. "ರಿಸ್ಕ್ ತಗೋಬಾರದು."

"ನಮ್ಮ ಅವ್ವಗೂ ಸಕ್ಕರಿ ಐತ್ರಿ."

"ಹೌದೌದು. ಹೆಂಗದಾರ ಅವರು? ಆರಾಮ ಅದಾರಿಲ್ಲೋ?" ಒಳಗೆ ತಿರುಗಿ, "ಏ, ಚಾ ತಗೊಂಡ ಬರ್ರಿ, ನಮ್ಮ ಹುಡುಗಿ ಬಂದಾಳ," ಎಂದು ಕೂಗಿದರು.

ನಾನು ಆ ಮನೆಯ ಚಹಾ ಕುಡಿಯಲಿಲ್ಲ. ಡಬ್ಬಿ ಇಟ್ಟು ಬಂದೆ. ಅವರ ಹಿಮ್ಮಡಿ ಮಾಯ್ದಿತು. ಗುಳಿಗೆಯಿಂದ, ದಿನಾ ತೊಳೆದು ಕಟ್ಟಿಸಿಕೊಂಡದ್ದರಿಂದ, ಚೆನ್ನಾಗಿ ಮಾಯ್ದಿತು. ಎರಡೂ ಕಾಲುಗಳೊಂದಿಗೆ ಸತ್ತರು.

ಶ್ರದ್ಧಾಂಜಲಿ ಸಭೆ ಕಾಲೇಜಿನ ಸಭಾಂಗಣದಲ್ಲಿ, ಸಂಜೆ. ಸವದತ್ತಿಯ ಗುಡ್ಡದ ಜಾತ್ರೆಗೆ ಮಂದಿ ಬರಿಗಾಲಿನಲ್ಲಿ ನಡೆದು ಹೋಗುವ ದಿನಗಳವು. ವಿಭಾಗದ ಈಗಿನ ಮುಖ್ಯಸ್ಥರು, ಅವರೂ ಸರ್ ಅವರ ಶಿಷ್ಯರೇ, ಎದ್ದು ನಿಂತು ಹೇಳಿದರು: ಸರ್ ಹೆಸರಿನಲ್ಲಿ ಎಣ್ಣೆ ಮಾಡುವುದನ್ನು ಮುಂದುವರಿಸುತ್ತೇವೆ, ನಾಳೆ ಬೆಳಿಗ್ಗೆಯೇ ಸವದತ್ತಿ ರಸ್ತೆಯಲ್ಲಿ ಮೇಜು ಹಾಕಿ ನಡೆಯುವವರ ಕಾಲಿಗೆ ಹಚ್ಚುತ್ತೇವೆ, ಮೊದಲ ಬಾಟಲಿಯನ್ನು ಸರ್ ಅವರನ್ನು ದೇವರಂತೆ ಕಾಣುವ ಒಬ್ಬ ತಾಯಿ ಕೊಡುತ್ತಾರೆ. ಎಲ್ಲರೂ ಅವ್ವನ ಕಡೆ ತಿರುಗಿದರು. ಅವ್ವ ಕಣ್ಣೊರೆಸಿಕೊಂಡಳು.

ಸಭೆ ಮುಗಿದ ಮೇಲೆ ಮುಖ್ಯಸ್ಥರನ್ನು ಬದಿಗೆ ಕರೆದು, ಸ್ಪಿರಿಟ್ಟಿನ ಬಿಲ್ಲೆಯಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಸಕ್ಕರೆ ಇರುವವರ ಕಾಲಿಗಾದರೂ ಹಚ್ಚಬೇಡಿ ಎಂದೆ.

"ಸತ್ತವರ ಮ್ಯಾಲ ಹಿಂಗ ಸೇಡು ಇಟ್ಕೋಬಾರದು ತಂಗಿ," ಎಂದರು ಅವರು. "ಮತ್ತ ಗಿಡದ್ದ ಐತಲ್ಲ, ಹಚ್ಚಿದ್ರ ಏನ್ ಹಾನಿ? ನಿಮ್ಮ ತಾಯಿನೇ ಏನೂ ಅಂದಿಲ್ಲ. ನಿಂದೇನು?"

ಮನೆಗೆ ಬಂದು ಅವ್ವನಿಗೆ ನಾಳೆ ಹೋಗಬೇಡ ಎಂದೆ. ಅವಳು ಎಂದಿನಂತೆ ಒಳಕೋಣೆಯ ಬಾಗಿಲು ಮುಂದೆ ಮಾಡಿಕೊಂಡು ಬೂಟು ತೆಗೆಯುತ್ತಿದ್ದಳು. ಆ ಕಾಲನ್ನು ಅವಳು ಯಾರಿಗೂ ತೋರಿಸುವುದಿಲ್ಲ, ನನಗೂ ಅಪರೂಪ.

"ನಿನ್ನ ಕಾಲ ತಿಂದ ಎಣ್ಣಿ ಅದು," ಎಂದೆ, ಬಾಗಿಲಿನ ಈಚೆಯಿಂದ.

"ನನ್ನ ಹಣೇಬಾರ ಕಾಲ ತಿಂತು. ಅವರು ನಮ್ಮ ಮನ್ಯಾಗ ಕುಂತು ಚಾ ಕುಡದಾರ."

"ಚಾ ಕುಡದ್ರ ಏನಾತು?"

ಒಳಗೆ ಬೂಟು ನೆಲಕ್ಕಿಟ್ಟ ಸದ್ದಾಯಿತು. ಆಮೇಲೆ ಒಳಗಿನಿಂದ ಅಂದಳು: "ಕಾಲು ನಂದು. ಸಿಟ್ಟೂ ನಂದ ಇರಬೇಕಾಗಿತ್ತು. ನೀ ಯಾಕ ಹೊತ್ಕೊಂಡ ತಿರಗತೀ?"

ಯಾರೂ ಹೊರದಿದ್ದರೆ ಆ ಸಿಟ್ಟು ದಾರಿಯಲ್ಲಿ ಬಿದ್ದು ಮಣ್ಣಾಗುತ್ತದೆ ಎಂದು ಮಾತ್ರ ಅನ್ನಿಸುತ್ತಿತ್ತು.

ಮರುದಿನ ಬೆಳಿಗ್ಗೆ ಅವ್ವನನ್ನು ನಾನೇ ಕರೆದುಕೊಂಡು ಹೋದೆ. ರಸ್ತೆಯ ಬದಿಯಲ್ಲಿ ಮೇಜು, ಅದರ ಮೇಲೆ ಬಾಟಲಿಗಳು, ನಡುವೆ ಸೇವಂತಿಗೆ ಹಾರ ಹಾಕಿದ ಸರ್ ಅವರ ದೊಡ್ಡ ಫೋಟೋ, ರಸ್ತೆಯ ಕಡೆ ಮುಖಮಾಡಿ. ನಡೆಯುವವರು ಗುಂಪುಗುಂಪಾಗಿ ಬರುತ್ತಿದ್ದರು. ಒಬ್ಬ ಹೆಂಗಸು ನಿಂತಳು, ಅವ್ವನದೇ ವಯಸ್ಸು. ಅಂಗಾಲಿನಲ್ಲಿ ಬೊಬ್ಬೆ ಒಡೆದು ಕೆಂಪಗಾಗಿತ್ತು. ನೋವು ಎನ್ನಲಿಲ್ಲ. ಕಾಲೆತ್ತಿ ತೋರಿಸಿ ನಕ್ಕಳು. "ಗೊತ್ತ ಆಗಿಲ್ಲ ನೋಡವ್ವಾ. ಗೆಳತಿ ಹೇಳಿದ ಮ್ಯಾಲ ನೋಡಿದೆ."

ಅವ್ವನ ಕೈಯಲ್ಲಿ ಬೂಚು ತೆಗೆದ ಬಾಟಲಿ ಇತ್ತು. ಅದು ಅಲ್ಲಿಯೇ ನಿಂತಿತು.

"ಸಕ್ಕರಿ ಐತೇನ ನಿನಗ?"

"ಐತಿ. ಗುಳಿಗಿ ನುಂಗತೇನಿ. ಯಾಕ, ಹಚ್ಚಬಾರದೇನು?"

"ಹಚ್ಚ್ರಿ ಹಚ್ಚ್ರಿ, ಗಿಡದ್ದು, ಏನೂ ಆಗೂದಿಲ್ಲ," ಎಂದರು ಮುಖ್ಯಸ್ಥರು ಮೇಜಿನ ಆಚೆಯಿಂದ.

ಅವ್ವ ಅವರ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದಳು. ಬಾಟಲಿಯನ್ನು ಮೇಜಿನ ಮೇಲಿಟ್ಟು, ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು, ಬಲಗಾಲನ್ನು ನನ್ನ ಮುಂದೆ ಚಾಚಿದಳು. ನಾನು ನೆಲಕ್ಕೆ ಕೂತೆ. ಬೂಟಿನ ಪಟ್ಟಿ ಬಿಚ್ಚಿದೆ, ಮುಂದೆ ತುಂಬಿದ್ದ ಹತ್ತಿ ತೆಗೆದೆ, ಕಾಲುಚೀಲ ಎಳೆದೆ. ಹಗಲು ಬೆಳಕಿನಲ್ಲಿ ನಾನು ಅದನ್ನು ನೋಡಿ ಬಹಳ ಕಾಲವಾಗಿತ್ತು.

"ಇಲ್ಲಿ ನೋಡು," ಎಂದಳು ಅವ್ವ, ಆ ಹೆಂಗಸಿಗೆ. "ಹಿಂಗ ಆಗತೈತಿ. ಗುಡ್ಡ ಎಲ್ಲೂ ಓಡಿ ಹೋಗೂದಿಲ್ಲ. ಮೊದಲ ದವಾಖಾನಿಗಿ ಹೋಗು."

ಹೆಂಗಸು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಹಿಂದಿನ ಗುಂಪು ನಿಂತಿತು. ಮುಖ್ಯಸ್ಥರು ಮೇಜು ಸುತ್ತಿಕೊಂಡು ಓಡಿ ಬಂದರು. "ಅಕ್ಕಾರ, ಇಲ್ಲಿ ಬ್ಯಾಡ್ರಿ, ಮಂದಿ ನೋಡಾಕ ಹತ್ಯಾರ."

"ನೋಡ್ಲಿ," ಎಂದೆ ನಾನು.

ಎದ್ದು ಮೇಜಿನ ಹತ್ತಿರ ಹೋದೆ. ಫೋಟೋವನ್ನು ಎರಡೂ ಕೈಯಲ್ಲಿ ಹಿಡಿದು, ರಸ್ತೆಯಿಂದ ಈಚೆಗೆ, ಅವ್ವನ ಕಾಲಿನ ಕಡೆ ತಿರುಗಿಸಿ ಇಟ್ಟೆ. ತಿರುಗಿಸುವಾಗ ಹಾರ ಜಾರಿ ಕಣ್ಣಿಗೆ ಅಡ್ಡ ಬಂದಿತ್ತು. ಅದನ್ನು ಸರಿಸಿದೆ.